ನಿರುಪಯೋಗಿ ಎನ್ನುವ ಮುನ್ನ

ವಿಜ್ಞಾನವೆಂದೊಡನೆ ನಮ್ಮ ಕಲಾ ವಿದ್ಯಾರ್ಥಿಗಳಲ್ಲಿ ಅನೇಕರು "ಅದು ನಮಗೆ ಸಂಬಂಧಪಟ್ಟದ್ದಲ್ಲ" ಎಂದು ಕೈತೊಳೆದುಕೊಳ್ಳುವುದುಂಟು. ಇತಿಹಾಸವನ್ನು ಓದುತ್ತಿರುವ ನಾನು ಜೀವಕೋಶದ ವಿಚಾರವನ್ನೆತ್ತಿಕೊಂಡದ್ದನ್ನು ಕಂಡು ಕೆಲವರು ನಗಲೂಬಹುದು. ಆದರೆ ಮನುಷ್ಯನ ಆತುರದ ತೀರ್ಪುಗಳ ಇತಿಹಾಸವನ್ನು ತಿಳಿಯಬೇಕೆನ್ನುವವರಿಗೆ ಜೀವಕೋಶವೂ ಒಂದು ಒಳ್ಳೆಯ ಪುಸ್ತಕವೆಂದು ನನ್ನ ನಮ್ರ ಅಭಿಪ್ರಾಯ.

ನಮ್ಮ ದೇಹದ ಬಹುಪಾಲು ಜೀವಕೋಶಗಳ ಮೈಮೇಲೆ ಕೂದಲೆಳೆಯಂತಹ ಒಂದೇ ಒಂದು ಅಂಗ ನಿಂತಿರುತ್ತದೆ. ಅದಕ್ಕೆ ಪ್ರಾಥಮಿಕ ಲೋಮಾಂಗವೆಂದು ಹೆಸರು. ಶ್ವಾಸನಾಳದ ಲೋಮಾಂಗಗಳು ಸದಾ ಬೀಸುತ್ತ ಕಫವನ್ನು ಹೊರದೂಡುತ್ತವೆ, ಇದಾದರೋ ಬೀಸುವುದಿಲ್ಲ. ಮೂತ್ರಪಿಂಡದ ಕೋಶಗಳಲ್ಲಿ ಇದನ್ನು ತ್ಸಿಮ್ಮರ್‌ಮನ್ ಎಂಬ ವಿದ್ವಾಂಸರು 1898ರಲ್ಲಿಯೇ ವರ್ಣಿಸಿದ್ದರು. ಆದರೂ ದುಡಿಯುವುದು ಕಣ್ಣಿಗೆ ಕಾಣಲಿಲ್ಲವಾಗಿ, ಇದು ಜೀವವಿಕಾಸದಲ್ಲಿ ಉಳಿದುಹೋದ ವ್ಯರ್ಥ ಅವಶೇಷವೆಂದೇ ಅನೇಕರು ಬಹುಕಾಲ ಭಾವಿಸಿದ್ದರು. 2000ದಲ್ಲಿ ಒಂದು ಸಂಗತಿ ಬೆಳಕಿಗೆ ಬಂದಿತು. ಒಂದು ಬಗೆಯ ಹಸುರು ಪಾಚಿಯ ಕಶಾಂಗವನ್ನು ಕಟ್ಟುವ ವಂಶವಾಹಿಯೇ ಇಲಿಯಲ್ಲಿಯೂ ಇದೆ; ಅದು ಕೆಟ್ಟ ಇಲಿಗಳ ಮೂತ್ರಪಿಂಡದಲ್ಲಿ ಲೋಮಾಂಗಗಳು ಮೋಟಾಗಿರುತ್ತವೆ, ಮೂತ್ರಪಿಂಡದ ತುಂಬ ನೀರುಗುಳ್ಳೆಗಳೇಳುತ್ತವೆ. ಸುಮ್ಮನೆ ನಿಂತಿದ್ದ ಆ ಎಳೆ ಹೊರಗಿನ ಸುದ್ದಿಯನ್ನು ಕೋಶಕ್ಕೆ ತಲುಪಿಸುವ ಕಾವಲುಗಾರನೆಂದು ಈಗ ಎಲ್ಲರೂ ಒಪ್ಪಿದ್ದಾರೆ.

ಅದೇ 1898ರಲ್ಲಿ ಕಾರ್ಲ್ ಬೆಂಡಾ ಎಂಬ ಇನ್ನೊಬ್ಬ ವಿದ್ವಾಂಸರು ಕೋಶದೊಳಗಿನ ಬೇರೊಂದು ಅಂಗಕ್ಕೆ ಮೈಟೊಕಾಂಡ್ರಿಯ ಎಂದು ಹೆಸರಿಟ್ಟರು. ಆಮ್ಲಜನಕವನ್ನು ಬಳಸಿ ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುವ ಒಲೆ ಇದು. ಒಲೆಯಿದ್ದಲ್ಲಿ ಕಿಡಿ ಸಿಡಿಯುವುದು ಸಹಜ. ಹಾಗೆ ಸಿಡಿಯುವ ಉಗ್ರ ಆಮ್ಲಜನಕ ಕಣಗಳನ್ನು ಕೋಶವು ತಾನೇ ಆರಿಸಿಕೊಳ್ಳುತ್ತದೆ. ಆರಿಸಲಾರದಷ್ಟು ಹೆಚ್ಚಿದಾಗ ಉತ್ಕರ್ಷಣ ಒತ್ತಡವೆನ್ನುತ್ತಾರೆ.

ಒಂದೇ ವರ್ಷದ ಈ ಇಬ್ಬರು ಕೂಸುಗಳಿಗೆ ನಂಟುಂಟೆಂಬ ಮಾತು ಬಲಗೊಳ್ಳಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಲೋಮಾಂಗದೊಳಗೆ ಮೈಟೊಕಾಂಡ್ರಿಯವಿಲ್ಲ, ಬೇಕಾದ ಶಕ್ತಿ ಕೋಶದಿಂದಲೇ ಬರಬೇಕು. ಮೈಟೊಕಾಂಡ್ರಿಯದ ಕೆಲಸ ಕುಂದಿಸಿದರೆ ಜೀಬ್ರಾ ಮೀನಿನ ಭ್ರೂಣದಲ್ಲಿ ಲೋಮಾಂಗಗಳು ಅಳತೆ ಮೀರಿ ನೀಳವಾಗುತ್ತವೆಂದು 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ರಕ್ತ ನಿಂತು ಗಾಸಿಗೊಂಡ ಇಲಿಯ ಮೂತ್ರಪಿಂಡದಲ್ಲಿ ಲೋಮಾಂಗಗಳು ಮೊದಲು ಕುಗ್ಗಿ ಬಳಿಕ ಉದ್ದವಾಗುತ್ತವೆ. ಉತ್ಕರ್ಷಣ ಒತ್ತಡವನ್ನು ತಗ್ಗಿಸಿದರೆ ಬೇಗನೆ ಮೊದಲಿನ ಅಳತೆಗೆ ಬರುತ್ತವೆ. ಎಂದ ಮೇಲೆ ಕಾವಲುಗಾರನ ಕಾಯಿಲೆಯ ಮೂಲ ಅಡಿಗೆಮನೆಯಲ್ಲಿಯೂ ಇರಬಹುದು! ಅಂಗಳವನ್ನೊಬ್ಬರು, ಅಡಿಗೆಮನೆಯನ್ನೊಬ್ಬರು ಬೇರೆಬೇರೆಯಾಗಿ ನೋಡುತ್ತಿದ್ದರೆ ಇದು ತಿಳಿಯುವುದೆಂತು?

ಹಾಗಾದರೆ ಕಿಡಿಯನ್ನೆಲ್ಲ ಆರಿಸುವ ಗುಳಿಗೆ ನುಂಗಿದರಾಯಿತೆನ್ನುವುದು ಮತ್ತೊಂದು ಆತುರದ ತೀರ್ಪು. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,000ಕ್ಕೂ ಹೆಚ್ಚು ಗಂಡಸರ ಮೇಲೆ ಇಂತಹ ಪರೀಕ್ಷೆ ನಡೆಯಿತು. ಉತ್ಕರ್ಷಣವನ್ನು ತಡೆಯುವುದೆಂಬ ಬೀಟಾ ಕ್ಯಾರೊಟೀನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ಶೇಕಡ 18ರಷ್ಟು ಹೆಚ್ಚಾಯಿತೆಂದು 1994ರಲ್ಲಿ ವರದಿಯಾಯಿತು. ಆ ಉಗ್ರ ಕಣಗಳೂ ಮಿತಿಯಲ್ಲಿದ್ದರೆ ಕೋಶಕ್ಕೆ ಸಂಕೇತವಾಗಿ ಬೇಕು. ಬೆಂಕಿ ಸೂರಿಗೆ ತಾಗಬಾರದೆಂದು ಯಾರಾದರೂ ಒಲೆಯನ್ನೇ ನಂದಿಸುವರೆ?

ಇದನ್ನು ಕಲಾ ವಿದ್ಯಾರ್ಥಿಗಳು ತಿಳಿದೇನು ಎಂದು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಸಂತೆಯಲ್ಲಿ ಟಾನಿಕ್ಕಿನ ಸೀಸೆ ಕೊಳ್ಳುವ ಮುನ್ನ ನಮ್ಮೂರಿನ ಹಿರಿಯರು ಅದರ ಮೇಲಿನ ಇಂಗ್ಲಿಷ್ ಚೀಟಿಯನ್ನು ಓದಿಸುವುದು ನನ್ನಿಂದ. ಊರಿನಲ್ಲಿ ವಿಜ್ಞಾನ ಪದವೀಧರರು ಯಾರೂ ಇಲ್ಲ. ಅಕ್ಷರ ಓದಿ ಹೇಳಿ, ಅರ್ಥ ಕೇಳಿದಾಗ ಅದು ನನ್ನ ವಿಷಯವಲ್ಲವೆಂದರೆ ಅವರು ಬೆವರು ಸುರಿಸಿ ನನ್ನನ್ನು ಓದಿಸಿದ್ದಕ್ಕೆ ಏನು ಫಲ? "ಬಿ.ಎ. ಓದಿ ಏನು ಪ್ರಯೋಜನ?" ಎಂದು ಅವರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಣ್ಣಿಗೆ ಕಾಣುವ ದುಡಿಮೆಯೊಂದೇ ಪ್ರಯೋಜನವಲ್ಲ. ಹೊರಗಿನ ಸುದ್ದಿಯನ್ನು ಮನೆಯೊಳಕ್ಕೆ ಸರಿಯಾಗಿ ತಲುಪಿಸುವುದೂ ಪ್ರಯೋಜನವೇ.

ಆದುದರಿಂದ ಪೂಜ್ಯ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ತಿಂಗಳಿಗೊಮ್ಮೆಯಾದರೂ ವಿಜ್ಞಾನದ ಅಧ್ಯಾಪಕರೊಬ್ಬರನ್ನು ಕರೆಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಬೇಕು. ಸಹಪಾಠಿಗಳಲ್ಲಿಯೂ ಒಂದು ಮಾತು: ಆ ದಿನ ನಾವು ಕಡೆಯ ಬೆಂಚು ಹುಡುಕದೆ, ಪ್ರಶ್ನೆಗಳೊಡನೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳೋಣ.