ಹದಿನಾರನೇ ಲೂಯಿ ಸಹಿ ಹಾಕಿದ್ದೇಕೆ?

ಫ್ರಾನ್ಸಿನ ಅರಸ ಹದಿನಾರನೇ ಲೂಯಿ 1791ರ ಸೆಪ್ಟೆಂಬರ್ 14ರಂದು ಹೊಸ ಸಂವಿಧಾನಕ್ಕೆ ಬದ್ಧನಾಗಿರುತ್ತೇನೆಂದು ಪ್ರಮಾಣ ಮಾಡಿದ. ದೇವರಿಗೆ ಮಾತ್ರ ಉತ್ತರ ಹೇಳುತ್ತೇವೆನ್ನುತ್ತಿದ್ದ ವಂಶ ಅಂದು ಕಾನೂನಿಗೆ ತಲೆಬಾಗಿತು. ಏಕೆ ಒಪ್ಪಿದ ಎಂದರೆ ಮೂರು ಉತ್ತರ ಕೇಳಿಬರುತ್ತವೆ: ದೊಡ್ಡ ಮನಸ್ಸು, ಪುಕ್ಕಲುತನ, ಮೋಸ. ಮೂರನ್ನೂ ನಾನು ಒಪ್ಪಲಾರೆ.

ಪ್ರಜೆಗಳ ಮೇಲಿನ ಪ್ರೀತಿಯಿಂದ ತಾನಾಗಿಯೇ ಬಿಟ್ಟುಕೊಟ್ಟ ಎನ್ನುವವರು ದಿನಾಂಕಗಳನ್ನು ನೋಡಲಿ. ಸಂವಿಧಾನಕ್ಕೆ ಮುನ್ನುಡಿಯಾದ ಮಾನವ ಹಕ್ಕುಗಳ ಘೋಷಣೆಗೆ ಜನಪ್ರತಿನಿಧಿಗಳ ರಾಷ್ಟ್ರೀಯ ಸಭೆ 1789ರ ಆಗಸ್ಟ್ 26ಕ್ಕೇ ಅಂತಿಮ ರೂಪ ಕೊಟ್ಟಿತ್ತು. ಅರಸ ವಾರಗಟ್ಟಲೆ ಸಬೂಬು ಹೇಳಿದ. ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಹೆಂಗಸರು ರೊಟ್ಟಿ ಕೇಳಲು ಮಳೆಯಲ್ಲಿ ನೆನೆಯುತ್ತ ಸುಮಾರು 20 ಕಿಲೋಮೀಟರ್ ನಡೆದು ಅರಸನಿದ್ದ ವರ್ಸೇಲ್ಸಿಗೆ ಬಂದರು. ಘೋಷಣೆಗೆ ಒಪ್ಪಿಗೆ ಸಿಕ್ಕಿದ್ದು ಅದೇ ರಾತ್ರಿ. ಇದನ್ನು ಔದಾರ್ಯ ಎಂದು ಬರೆದರೆ, ಕೆಸರು ತುಳಿದು ಬಂದ ಆ ಮಾರುಕಟ್ಟೆಯ ಹೆಂಗಸರ ಗಳಿಕೆಯನ್ನು ಕಸಿದು ಅರಸನಿಗೆ ಕೊಟ್ಟಂತಾಗುತ್ತದೆ. ಈ ಅನ್ಯಾಯ ನನಗೆ ಸಹ್ಯವಲ್ಲ.

ಹೇಡಿ, ಹೆದರಿ ಮಣಿದ ಎನ್ನುವವರು ಅವನ ಬಳಿ ಏನು ಉಳಿದಿತ್ತೆಂದು ಕೇಳುವುದೇ ಇಲ್ಲ. ನಮ್ಮ ಟಿಪ್ಪು ಸುಲ್ತಾನನ ರಾಯಭಾರಿಗಳು ಸೇನಾ ನೆರವು ಕೋರಿ ವರ್ಸೇಲ್ಸ್ ಅರಮನೆಯಲ್ಲಿ ಲೂಯಿಯನ್ನು ಕಂಡದ್ದು 1788ರ ಆಗಸ್ಟ್ 10ರಂದು. ಸ್ವಾಗತ ಭರ್ಜರಿಯಾಗಿಯೇ ನಡೆಯಿತು, ನೆರವು ಸಿಗಲಿಲ್ಲ. ಅದಾದ ಆರೇ ದಿನಕ್ಕೆ ಅವನ ಖಜಾನೆ ನಗದು ಪಾವತಿಯನ್ನು ನಿಲ್ಲಿಸಿತು. ಆ ವರ್ಷದ ಖರ್ಚಿನಲ್ಲಿ ಸುಮಾರು ಅರ್ಧ ಸಾಲದ ಬಾಬ್ತಿಗೇ ಹೋಗುತ್ತಿತ್ತು. ಮರುವರ್ಷ ಸೈನ್ಯವೂ ಕೈತಪ್ಪಿತು. ಪ್ಯಾರಿಸ್ ಕಾಯಬೇಕಿದ್ದ ಫ್ರೆಂಚ್ ಗಾರ್ಡ್ಸ್ ಸಿಪಾಯಿಗಳೇ ಬಾಸ್ಟೀಲ್ ಕೋಟೆಗೆ ನುಗ್ಗಿದವರ ಜೊತೆ ಸೇರಿದರು. ಎರಡು ದಿನ ಕಳೆದು, ಜುಲೈ 16ರಂದು, ಮೆಟ್ಸ್ ಪಟ್ಟಣಕ್ಕೆ ಹೋಗಿಬಿಡುವುದೇ ಎಂದು ಮಂತ್ರಾಲೋಚನೆ ನಡೆಯಿತು. ಹೋಗಬಹುದು, ಹೋಗಿ ಮಾಡುವುದೇನು ಎಂಬ ಅರ್ಥದ ಮಾತಾಡಿದ್ದು ಸೇನೆಯ ಹೊಣೆ ಹೊತ್ತಿದ್ದ ಮಾರ್ಷಲ್ ಬ್ರೋಯಿಯೇ. ಮರುದಿನ ಲೂಯಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ಮೇಯರನ ಕೈಯಿಂದ ಕ್ರಾಂತಿಯ ಗುರುತಾದ ಮೂರು ಬಣ್ಣದ ಬಿಲ್ಲೆ ತೆಗೆದುಕೊಂಡ. ಇನ್ನು ಎದೆಗಾರಿಕೆಯ ಮಾತು: 1792ರ ಜೂನ್ 20ರಂದು ಜನ ಪ್ಯಾರಿಸ್ಸಿನ ಅರಮನೆಗೆ ನುಗ್ಗಿ ಗಂಟೆಗಟ್ಟಲೆ ಸುತ್ತುವರಿದಾಗ ಅವರು ಕೊಟ್ಟ ಕೆಂಪು ಟೋಪಿ ಧರಿಸಿದನೇ ಹೊರತು ಮಸೂದೆಗಳಿಗೆ ತಾನು ಹಾಕಿದ್ದ ತಡೆಯನ್ನು (ವೀಟೊ) ಹಿಂತೆಗೆಯಲಿಲ್ಲ. ಹೇಡಿಯ ಲಕ್ಷಣ ಇದಲ್ಲ.

ಬರೀ ಮೋಸ ಎಂಬ ವಾದಕ್ಕೆ ಪುರಾವೆ ಇದೆ, ಮುಚ್ಚಿಡುವುದಿಲ್ಲ. ಬಲವಂತದಿಂದ ಒಪ್ಪಿದ್ದೆಲ್ಲ ತನ್ನದಲ್ಲವೆಂದು 1789ರ ಅಕ್ಟೋಬರಿನಲ್ಲೇ ಸ್ಪೇನಿನ ದೊರೆಗೆ ಗುಟ್ಟಾಗಿ ಬರೆದಿದ್ದ. 1791ರ ಜೂನಿನಲ್ಲಿ ಓಡಿಹೋಗಲು ಯತ್ನಿಸಿ ವಾರೆನ್ ಪಟ್ಟಣದಲ್ಲಿ ಸಿಕ್ಕಿಬಿದ್ದ. ಆದರೆ ಪ್ರಮಾಣದ ಹೊತ್ತಿಗೆ ಪರದೇಶದಲ್ಲಿದ್ದ ತಮ್ಮಂದಿರಿಗೆ ಬರೆದ ಗುಟ್ಟಿನ ಪತ್ರವೂ ಇದೆಯಲ್ಲ? ಬಲಪ್ರಯೋಗವೆಂದರೆ ಅಂತರ್ಯುದ್ಧ, ಜನರ ಒಲವಿಗೆ ವಿರುದ್ಧವಾಗಿ ಆಳಲಾಗದು ಎಂದು ಅದರಲ್ಲಿ ತಿಳಿಹೇಳುತ್ತಾನೆ. ಸಂವಿಧಾನದ ಕುಂದುಗಳು ಆಚರಣೆಯಲ್ಲಿ ತಾವಾಗಿ ಬಯಲಾಗುತ್ತವೆಂಬ ಆಸೆಯೂ ಅಲ್ಲಿದೆ. ಅವನು ಸಹಿ ಹಾಕಿದ್ದು ಉಳಿದದ್ದನ್ನು ಲೆಕ್ಕ ಹಾಕಿ: ಮಂತ್ರಿಗಳನ್ನು ಆರಿಸುವ ಹಕ್ಕು, ವರ್ಷಕ್ಕೆ 2.5 ಕೋಟಿ ಲಿವ್ರ್, ಮಸೂದೆಗಳನ್ನು ವರ್ಷಗಟ್ಟಲೆ ತಡೆಹಿಡಿಯಬಲ್ಲ ವೀಟೊ. ಆ ವೀಟೊವನ್ನು ನವೆಂಬರಿನಲ್ಲಿ ದೇಶ ಬಿಟ್ಟ ಶ್ರೀಮಂತರ ವಿರುದ್ಧದ ಮಸೂದೆಗೆ, ಡಿಸೆಂಬರಿನಲ್ಲಿ ಹೊಸ ವ್ಯವಸ್ಥೆಗೆ ನಿಷ್ಠೆಯ ಪ್ರಮಾಣ ಮಾಡದ ಪಾದ್ರಿಗಳ ವಿರುದ್ಧದ ಮಸೂದೆಗೆ ಹಾಕಿಯೂ ಬಿಟ್ಟ.