ಗೀಜಗನ ಗುಟ್ಟು

ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದುದು ಹೊಲಗಳಿಗೆ ನೀರುಣಿಸಲೆಂದು, ಹಕ್ಕಿಗಳಿಗಾಗಿ ಅಲ್ಲ. ಆದರೂ ಚಳಿಗಾಲದಲ್ಲಿ ಆ ಹಿನ್ನೀರಿಗೆ ಯೂರೋಪಿನ ಬಿಳಿಕೊಕ್ಕರೆಯೂ ಮಧ್ಯ ಏಷ್ಯದ ಕ್ರೌಂಚವೂ ಬಂದಿಳಿಯತೊಡಗಿದುವು. ಗೋಕಾಕ, ಹುಕ್ಕೇರಿ ತಾಲ್ಲೂಕುಗಳಿಗೆ ಸೇರಿದ ಆ ನೀರು-ನಡುಗಡ್ಡೆಗಳು 1974ರಲ್ಲಿ ಪಕ್ಷಿಧಾಮವಾದುವು. ಹಕ್ಕಿಗೂ ಒಂದು ನೆಲೆಯನ್ನು ಕಾಯ್ದಿಡಬೇಕೆಂಬ ಮಾತನ್ನು ಈ ದೇಶದ ಕಿವಿಗೆ ಹಾಕಿದವರಲ್ಲಿ ಮೊದಲಿಗರು ಸಲೀಂ ಅಲಿ. ಆ ಕೆಲಸಕ್ಕೆ ಅವರು ಬಾನುಲಿಯನ್ನೂ ಬಳಸಿದರು.

ಮುಂಬಯಿಯಲ್ಲಿ 1896ರಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಬ್ಬಲಿಯಾಗಿ ಸೋದರಮಾವನ ಆಶ್ರಯದಲ್ಲಿ ಬೆಳೆದರು. ಹುಡುಗಾಟಕ್ಕೆ ಹೊಡೆದುರುಳಿಸಿದ ಗುಬ್ಬಚ್ಚಿಯೊಂದರ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು. ಅದೇನೆಂದು ಕೇಳಲು ಹೋದ ಹುಡುಗನಿಗೆ ಮುಂಬಯಿಯ ಪ್ರಕೃತಿ ವಿಜ್ಞಾನ ಸಂಘದ ಬಾಗಿಲು ತೆರೆಯಿತು. ವಿಶ್ವವಿದ್ಯಾನಿಲಯದ ಪದವಿಯಿಲ್ಲವೆಂದು ಸರಕಾರದ ಪ್ರಾಣಿ ಸಮೀಕ್ಷಾ ಇಲಾಖೆಯ ಕೆಲಸ ತಪ್ಪಿತು. ಬರ್ಲಿನ್ನಿನಲ್ಲಿ ಸ್ಟ್ರೆಸೆಮನ್ನರ ಬಳಿ ಪಕ್ಷಿಶಾಸ್ತ್ರವನ್ನು ಕಲಿತು 1930ರಲ್ಲಿ ಮರಳಿದಾಗ, ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದ್ದ ಹುದ್ದೆಯೂ ರದ್ದಾಗಿದ್ದಿತು.

ಕೆಲಸವಿಲ್ಲದ ಆ ದಿನಗಳು ಶಾಸ್ತ್ರಕ್ಕೆ ಲಾಭವಾದುವೆಂದೇ ಹೇಳಬೇಕು. ಕಡಲಾಚೆಯ ಕಿಹಿಮ್ ಎಂಬ ಹಳ್ಳಿಯಲ್ಲಿ ಮನೆಮಾಡಿ, ಅಲ್ಲಿ ಗೂಡು ಕಟ್ಟುತ್ತಿದ್ದ ಗೀಜಗಗಳನ್ನು ದಿನಗಟ್ಟಲೆ ಕಾದು ನೋಡಿದರು. ಗಂಡು ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಒಳಹೊಕ್ಕು, ಜಗ್ಗಿ, ಕೊಕ್ಕಿನಿಂದ ಚುಚ್ಚಿ ಪರೀಕ್ಷಿಸುತ್ತದೆ. ಅದು ಒಪ್ಪಿದರೆ ಮಾತ್ರ ಉಳಿದ ಭಾಗ ಪೂರ್ತಿಯಾಗುತ್ತದೆ. ಬಳಿಕ ಯಜಮಾನ ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಬ್ಬಳನ್ನು ಕರೆಯುತ್ತಾನೆ! ನಮ್ಮ ಜನ ತಲೆತಲಾಂತರದಿಂದ ಕಂಡ ಹಕ್ಕಿಯ ಸಂಸಾರವನ್ನು ಹೀಗೆ ಕುಳಿತು ಕಂಡವರು ಇವರು.

ಪತ್ನಿ ತೆಹ್ಮಿನಾ 1939ರಲ್ಲಿ ತೀರಿಕೊಂಡರು. ಆ ದುಃಖದ ಬೆನ್ನಿಗೇ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಹೊರಟರು. ಅವರ ಒತ್ತಾಯದಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮಲೆನಾಡಿನ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ತಲೆದೋರಿದಾಗ, ಸೋಂಕು ಹೊತ್ತ ಉಣ್ಣೆಗಳನ್ನು ವಲಸೆ ಹಕ್ಕಿಗಳೇ ತಂದುವೇ ಎಂಬ ಶಂಕೆ ಎದ್ದಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ಅರಸುವ ದೊಡ್ಡ ಕಾರ್ಯವನ್ನು ಅವರು ವಹಿಸಿಕೊಂಡರು.

ಅಭ್ಯಾಸಕ್ಕಾಗಿ ಅವರು ಹಕ್ಕಿಗಳನ್ನು ಗುಂಡಿಕ್ಕಿ ಕೊಂದದ್ದೂ ಉಂಟು. ಅದನ್ನು ಮರೆಮಾಚಬೇಕಾಗಿಲ್ಲ, ಅವರೇ ಮರೆಮಾಚಲಿಲ್ಲ.

ಭಾರತದ ಹಕ್ಕಿಗಳನ್ನು ಕುರಿತ ಅವರ ಹೆಸರಾಂತ ಪುಸ್ತಕ ಹೊರಬಂದ 1941ರಲ್ಲೇ ಬಾನುಲಿಯ ಭಾಷಣಗಳೂ ಮೊದಲಾದುವು. 1985ರವರೆಗೆ, ಎಂಬತ್ತೆಂಟರ ಇಳಿವಯಸ್ಸಿನಲ್ಲೂ, ಅವರು ಮಾತನಾಡಿದರು. ಪಾರಿಭಾಷಿಕ ಪದಗಳ ಗೋಜಿಲ್ಲದೆ ವಲಸೆಯ ಸೋಜಿಗ, ಬೇಸಾಯಕ್ಕೆ ಹಕ್ಕಿಯಿಂದಾಗುವ ಉಪಕಾರ, ಕಾಡಿನ ರಕ್ಷಣೆ ಮೊದಲಾದುವನ್ನು ತಿಳಿಸಿದರು. 1987ರಲ್ಲಿ ಅವರು ತೀರಿಕೊಂಡರು. ಭಾಷಣಗಳು 2021ರಲ್ಲಿ ಗ್ರಂಥವಾಗಿ ಬಂದುವು.

ಕೊರತೆಯೊಂದು ಉಳಿಯಿತು. ಅವರ ಮಾತು ಬಹುಪಾಲು ಇಂಗ್ಲಿಷಿನದು. ಜೋಳ ತೆನೆಗಟ್ಟಿದಾಗ ಅಟ್ಟವೇರಿ ಕವಣೆ ಬೀಸುವ ಮೂಡಲಗಿಯ ಒಕ್ಕಲಿಗನಿಗೆ ಗೀಜಗ ಕಾಳುಗಳ್ಳನೇ ಸರಿ. ಅದೇ ಹಕ್ಕಿ ತನ್ನ ಮರಿಗಳಿಗೆ ಅವನ ಹೊಲದ ಹುಳುಗಳನ್ನು ಹೆಕ್ಕಿ ಉಣಿಸುತ್ತದೆಂಬ ಸುದ್ದಿ ಬಾನುಲಿಯ ಆ ಭಾಷಣಗಳಿಂದ ಅವನ ಅಟ್ಟದವರೆಗೆ ಬರಲಿಲ್ಲ.