ಮಾತಿನ ಮರ್ಮ: ‘ರನ್’ ಎಂದರೆ ಓಡುವುದಷ್ಟೇ ಅಲ್ಲ

ಇಂಗ್ಲಿಷು ಕಲಿಯುವ ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ಕ್ರಿಯಾಪದಗಳಲ್ಲಿ ‘ರನ್’ ಎಂಬುದೊಂದು. ‘ರನ್ ಎಂದರೆ ಓಡು’ ಎಂದು ಬಾಯಿಪಾಠ ಮಾಡಿಸಿದರೆ ಪಾಠ ಮುಗಿಯಿತೆಂದು ಹಿರಿಯರು ಭಾವಿಸುವುದುಂಟು. ತೊಡಕು ಆರಂಭವಾಗುವುದು ಅಲ್ಲಿಂದಲೇ. ೧೮೮೪ರಿಂದ ೧೯೨೮ರವರೆಗೆ ಭಾಗಭಾಗವಾಗಿ ಹೊರಬಂದ ಆಕ್ಸ್‌ಫರ್ಡಿನ ಮಹಾಕೋಶದಲ್ಲಿ ಅತಿ ದೀರ್ಘವಾದ ವಿವರಣೆಯನ್ನು ಪಡೆದ ಪದ ‘ಸೆಟ್’. ಅದೇ ಕೋಶವನ್ನು ಪರಿಷ್ಕರಿಸುತ್ತಿದ್ದ ಸಂಪಾದಕರು ‘ರನ್’ ಕ್ರಿಯಾಪದವೊಂದಕ್ಕೇ ೬೪೫ ಅರ್ಥಗಳನ್ನು ಗುರುತಿಸಿದರೆಂದು ೨೦೧೧ರಲ್ಲಿ ಪ್ರಕಟವಾಯಿತು.

ಇವನ್ನೆಲ್ಲ ಕಂಠಪಾಠ ಮಾಡುವುದು ಪಂಡಿತರಿಗೂ ಅಸಾಧ್ಯ, ಅವಶ್ಯಕವೂ ಅಲ್ಲ. ಇಂಗ್ಲಿಷಿನಲ್ಲಿ ಹೊಳೆ, ಮೂಗು, ಯಂತ್ರ, ಒಗೆದ ಸೀರೆಯ ಬಣ್ಣ ಎಲ್ಲಕ್ಕೂ ‘ರನ್’ ಒಂದೇ ಸಾಕು. ಕನ್ನಡದಲ್ಲಾದರೋ ಹೊಳೆ ಹರಿಯುತ್ತದೆ, ಮೂಗು ಸೋರುತ್ತದೆ, ಯಂತ್ರ ನಡೆಯುತ್ತದೆ, ಬಣ್ಣ ಬಿಡುತ್ತದೆ. ವಿನೋದವೇನೆಂದರೆ, ಚುನಾವಣೆಗೆ ಅಮೆರಿಕದ ಅಭ್ಯರ್ಥಿ ‘ಓಡು’ತ್ತಾನೆ, ಇಂಗ್ಲೆಂಡಿನವನೂ ಕನ್ನಡಿಗನೂ ‘ನಿಲ್ಲು’ತ್ತಾರೆ!

ಸಂಸ್ಕೃತ ಬಲ್ಲವರಿಗೆ ಇದು ಹೊಸತಲ್ಲ. ‘ಹೃ’ ಎಂಬ ಒಂದೇ ಧಾತುವಿಗೆ ಉಪಸರ್ಗಗಳು ಸೇರಿ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರಗಳಾಗುತ್ತವೆ. ಪೆಟ್ಟೂ ಊಟವೂ ಒಂದೇ ಮನೆತನದವು. ಉಪಸರ್ಗವು ಧಾತುವಿನ ಮುಂದೆ ನಿಂತು ಮಾಡುವ ಈ ಕೆಲಸವನ್ನು ಇಂಗ್ಲಿಷಿನಲ್ಲಿ ಹಿಂದೆ ಬರುವ ‘ಔಟ್’, ‘ಇಂಟು’, ‘ಓವರ್’ ಮುಂತಾದ ಕಿರುಪದಗಳು ಮಾಡುತ್ತವೆ. ‘ರನ್ ಔಟ್’ ಎಂದರೆ ಸಾಮಾನು ತೀರಿಹೋಗುವುದು. ‘ರನ್ ಇಂಟು’ ಎಂದರೆ ಅಕಸ್ಮಾತ್ತಾಗಿ ಎದುರಾಗುವುದು. ಓಡುವುದೊಂದನ್ನೇ ಕಲಿತ ಮಗು, ಮನೆಯಲ್ಲಿ ಎಣ್ಣೆ ತೀರಿತೆಂಬ ಇಂಗ್ಲಿಷು ವಾಕ್ಯವನ್ನು ‘ನಾವು ಎಣ್ಣೆಯಿಂದ ಹೊರಗೆ ಓಡಿದೆವು’ ಎಂದು ಬರೆಯದೆ ಇನ್ನೇನು ಬರೆದೀತು?

ನಮ್ಮ ನುಡಿಯನ್ನೇ ನೋಡಿರಿ. ನಾವು ಗಂಟೆ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಬೇಸರವಾದರೆ ನಿದ್ದೆಯನ್ನೂ ಹೊಡೆಯುತ್ತೇವೆ. ‘ಹೊಡೆ’ ಎಂದರೆ ಪೆಟ್ಟು ಕೊಡುವುದೆಂದಷ್ಟೇ ಕಲಿತ ಪರಭಾಷೆಯವನು ಕನ್ನಡಿಗರ ಮನೆಗಳಲ್ಲಿ ಹಗಲಿರುಳೂ ಕಾದಾಟವೆಂದು ಹೆದರಬೇಕಾದೀತು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ. ಪದವನ್ನು ಒಂಟಿಯಾಗಿ ಕಲಿಸಬೇಡಿರಿ; ಅದರ ಸಹವಾಸದೊಡನೆ ಕಲಿಸಿರಿ. ದಿನಕ್ಕೊಂದು ಕ್ರಿಯಾಪದ, ಅದಕ್ಕೆ ಮೂರು ವಾಕ್ಯಗಳು ಸಾಕು. ‘ಇಲ್ಲಿ ಓಡುತ್ತಿರುವವರು ಯಾರು? ನಿಜವಾಗಿ ಓಡುತ್ತಿದ್ದಾರೆಯೆ?’ ಎಂದು ಮಗುವನ್ನು ಕೇಳಿರಿ. ಇದನ್ನು ಅಚ್ಚ ಕನ್ನಡದಲ್ಲಿ ಹೇಗೆ ಹೇಳುವೆಯೆಂದು ಹೇಳಿಸಿರಿ. ತಪ್ಪಿದರೆ ದಡ್ಡನೆಂದು ಗದರಿಸಬೇಡಿರಿ. ಒಂದೇ ಅರ್ಥ ಕಲಿತ ಮಗುವಿನ ತಪ್ಪಿಗೆ ಅದರ ಬುದ್ಧಿ ಹೊಣೆಯಲ್ಲ. ಗದರಿಕೆಗೆ ಬಾಯಿ ಕಟ್ಟಿದ ಮಗುವಿಗೆ ಇಂಗ್ಲಿಷು ಬಾರದೆ ಹೋಗುವುದಲ್ಲದೆ, ತಾಯ್ನುಡಿಯಲ್ಲಿ ಯೋಚಿಸುವ ಧೈರ್ಯವೂ ಕುಂದುತ್ತದೆ.